ಬಂದ ಮಾಲು, ಉಳಿದ ಮಾಲು

ಹೂವಿನಹಡಗಲಿ
೧೧ ಮಾರ್ಚ್ ೨೦೨೪

ಗುರುಸಂಗಪ್ಪ ಸರ್ ಅವರಿಗೆ ನಿಮ್ಮ ಜರೀನಾಳ ಸಲಾಂ.

ನಿಮಗ ಪತ್ರ ಬರೆಯೋ ಕಾಲ ಬರತೈತಿ ಅಂತ ಅಂದ್ಕೊಂಡಿರಲಿಲ್ಲ ಸರ್. ಎಷ್ಟು ಸಲ ಫೋನ್ ಹಚ್ಚೀನಿ, ರಿಂಗ್ ಆಗಿ ನಿಲ್ಲತೈತಿ, ಇಲ್ಲಾ ಸ್ವಿಚ್ ಆಫ್ ಬರತೈತಿ. ಕೊಟ್ಟೂರಿಗೆ ನಾನ ಬಂದು ಹೋಗೂಣ ಅಂದ್ರ ಮಲ್ಲಿಗಿ ಸೀಜನ್ ಶುರುವಾಗೇತಿ. ನಸುಕಿನಾಗ ತೂಕ ಹಿಡಿಯೋದು ಬಿಟ್ಟು ಎಲ್ಲೂ ಹೋಗಾಕ ಆಗವಲ್ದು. ಅದಕ್ಕ ನಿಮ್ಮ ಕಂಪ್ಯೂಟರ್ ಸೆಂಟರಿನ ವಿಳಾಸಕ್ಕ ಬರದೀನಿ.

ವಿಷಯ ಏನಂದ್ರ, ನಮ್ಮ ಹೂವಿನ ಬೆಳೆಗಾರ ಹೆಣ್ಮಕ್ಕಳ ಕಂಪನಿಗೆ ನೀವು ಹಾಕಿಕೊಟ್ಟ ಸಾಫ್ಟ್‌ವೇರಿನ ನವೀಕರಣದ ನೋಟಿಸ್ ಬಂದೈತಿ. ಶುಲ್ಕ ಹೋದ ವರ್ಷದಕ್ಕಿಂತ ಭಾಳ ಏರಿಸ್ಯಾರ. ಎರಡನೇ ಕಂಪ್ಯೂಟರಿಗೆ ಬ್ಯಾರೆ, ಮೊಬೈಲಿನಾಗ ನೋಡಿದ್ರ ಬ್ಯಾರೆ. ಅಧ್ಯಕ್ಷರು ಹಂಪಕ್ಕ ನೋಟಿಸ್ ಓದಿಸಿಕೊಂಡು, "ಹೂವಿಗಿಂತ ಕಟ್ಟೋ ದಾರ ತುಟ್ಟಿ ಆತಲ್ಲವ್ವ" ಅಂದ್ರು. ಮಾಗಳ, ಹಿರೇಹಡಗಲಿ ಕಡೆಯಿಂದ ಬರೋ ಹೆಣ್ಮಕ್ಕಳಿಗೆ ಇದನ್ನ ಹೆಂಗ ತಿಳಿಸಿ ಹೇಳಲಿ ಅಂತ ನನಗ ಚಿಂತಿ ಆಗೇತಿ.

ನೀವು ಸಾಫ್ಟ್‌ವೇರ್ ಕಂಪನಿಯ ಮೇಲಿನವರ ಹತ್ರ ಒಂದು ಮಾತು ಆಡಿದ್ರ ಏನಾರ ಕಡಿಮಿ ಆಗಬಹುದೇನೋ. ನಿಮ್ಮ ಮಾತಿಗೆ ಇಲ್ಲ ಅಂದವರನ್ನ ನಾನು ನೋಡಿಲ್ಲ. ಸೆಂಟರಿನಾಗ ನೀವು ವೋಚರ್ ಓದಿ ಹೇಳ್ತಿದ್ರ ರೇಡಿಯೋದಾಗ ವಾರ್ತೆ ಕೇಳಿದಂಗ ಆಗ್ತಿತ್ತು. ನಿಮ್ಮ ದನಿ ಕೇಳಿ ಎಷ್ಟು ದಿನ ಆತು.

ಅಬ್ಬಾ ನಿಮಗ ಸಲಾಂ ಹೇಳ್ಯಾರ. ಈಗ ವರ್ಕ್‌ಶಾಪಿನಾಗ ಪಂಪ್‌ಸೆಟ್ ರಿಪೇರಿ ಜೋರೈತಿ.

ಜರೀನಾ


ಕೊಟ್ಟೂರು
೨೨ ಮಾರ್ಚ್ ೨೦೨೪

ಜರೀನಾ,

ನಿನ್ನ ಪತ್ರ ಮುಟ್ಟಿತು. ಶುಲ್ಕ ನಿಗದಿ ಮಾಡುವವರು ಮೇಲಿನವರು. ರಿಯಾಯಿತಿ ಕೊಡುವ ಅಧಿಕಾರ ಡೀಲರನಾದ ನನಗೆ ಈಗ ಇಲ್ಲ. ಮಾರ್ಚ್ ಮುಗಿಯುವುದರೊಳಗೆ ನವೀಕರಿಸದಿದ್ದರೆ ತಂತ್ರಾಂಶ ತೆರೆಯುವುದಿಲ್ಲ. ಹೊಸ ಲೆಕ್ಕ ಬರೆಯಲಿಕ್ಕಷ್ಟೇ ಅಲ್ಲ, ಹಳೆಯದನ್ನು ನೋಡಲಿಕ್ಕೂ ಬರುವುದಿಲ್ಲ. ಇದನ್ನು ಅಧ್ಯಕ್ಷರಿಗೆ ಸ್ಪಷ್ಟವಾಗಿ ತಿಳಿಸು.

ಇನ್ನು ಮುಂದೆ ಫೋನ್ ಮಾಡಬೇಡ. ಏನಿದ್ದರೂ ಬರೆದು ತಿಳಿಸು. ಸೆಂಟರಿಗೆ ಬರುವ ಅಗತ್ಯವೂ ಇಲ್ಲ.

ನಿನ್ನ ತಂದೆಯವರಿಗೆ ನಮಸ್ಕಾರ.

ಗುರುಸಂಗಪ್ಪ


ಹೂವಿನಹಡಗಲಿ
೩ ಏಪ್ರಿಲ್ ೨೦೨೪

ಸರ್ ಅವರಿಗೆ,

ನಿಮ್ಮ ಪತ್ರ ಓದಿ ಏನು ತಪ್ಪು ಮಾಡೀನಿ ಅಂತ ಭಾಳ ವಿಚಾರ ಮಾಡಿದೆ. ಫೋನ್ ಬ್ಯಾಡ, ಸೆಂಟರಿಗೂ ಬರಬ್ಯಾಡ ಅಂತ ಬರದೀರಿ. ಆ ಸೆಂಟರಿನ ಬೆಂಚಿನ ಮ್ಯಾಲೆ ಕುಂತು ಕಲತಾಕಿ ನಾನು. ಈ ನೌಕರಿ ಕೊಡಿಸಿದವರೂ ನೀವ. ನಿಮಗ ಸುದ್ದಿ ಮುಟ್ಟಿರಬೇಕು ಅಂತ ಈಗ ಅನಸ್ತೈತಿ. ನಾನ ಮೊದಲ ಹೇಳಬೇಕಿತ್ತು.

ಮೊನ್ನೆ ಒಂದನೇ ತಾರೀಖು ನಸುಕಿನಾಗ ಕಂಪ್ಯೂಟರ್ ಚಾಲೂ ಮಾಡಿದ್ರ ಪರದೆ ಮ್ಯಾಲೆ ದುಡ್ಡು ಕಟ್ರಿ ಅನ್ನೋ ಪೆಟ್ಟಿಗಿ ಒಂದ ಕಾಣಸ್ತು. ಹೆಣ್ಮಕ್ಕಳು ಹಸಿ ಬಟ್ಟಿ ಸುತ್ತಿದ ಬುಟ್ಟಿ ಇಟ್ಟುಕೊಂಡು ಪಾಳಿ ಹಚ್ಚಿ ನಿಂತಿದ್ರು. ಹೂವಿನ ಗಾಡಿ ಹೊರಡೋ ಹೊತ್ತು. ರಟ್ಟಿನ ಡಬ್ಬಿ ಹರದು ಅದರ ಹಿಂದ ಎಲ್ಲರ ತೂಕ ಬರಕೊಂಡೆ. ಆದ್ರ ಹೋದ ಎರಡು ಸೀಜನ್ನಿನ ತೂಕ ಪೂರಾ ಒಳಗೈತಿ. ಈ ತಿಂಗಳು ಕೊಡಬೇಕಾದ ಬೋನಸ್ ಅದರ ಮ್ಯಾಲೇ ಐತಿ. ಹಂಪಕ್ಕ ನನ್ನ ಹಿಂದ ಬಂದು ನಿಂತು ಕೇಳಿದ್ರು: "ಹೂವು ನಮ್ಮದು, ಬೆವರು ನಮ್ಮದು. ನಮ್ಮ ಲೆಕ್ಕ ನಾವು ನೋಡಾಕ ಯಾರನ್ನ ಕೇಳಬೇಕ?"



ಅವತ್ತ ಮಧ್ಯಾಹ್ನ ಮೀಟಿಂಗಿನಾಗ ಬ್ಯಾರೆ ತಂತ್ರಾಂಶಕ್ಕ ಹೋಗೋದು ಅಂತ ಠರಾವು ಆತು. ಮುಕ್ತ ತಂತ್ರಾಂಶ. ಅದರ ಒಳಗಿನ ಬರವಣಿಗಿ ಯಾರ ಬೇಕಾದ್ರೂ ನೋಡಬಹುದು, ತಿದ್ದಬಹುದು. ಪರವಾನಿಗಿ ಶುಲ್ಕ ಇಲ್ಲ, ಯಾರೂ ದೂರ ಕುಂತು ಬೀಗ ಹಾಕಾಕ ಬರಂಗಿಲ್ಲ. ಖರೀದಿ, ಮಾರಾಟ, ದಾಸ್ತಾನು, ಸಂಬಳ ಎಲ್ಲಾ ಐತಿ. ಜನವರಿಯಿಂದ ಅಬ್ಬಾನ ವರ್ಕ್‌ಶಾಪಿನ ಕಂಪ್ಯೂಟರಿನಾಗ ಹಾಕಿ ನೋಡಾಕತ್ತಿದ್ದೆ. ಹಿಂದಿನ ಪತ್ರದಾಗ ಇದನ್ನ ಬರೀಲಿಲ್ಲ. ನೀವು ಹಳೇ ತಂತ್ರಾಂಶದ ಡೀಲರು, ನಿಮಗ ಹೆಂಗ ಹೇಳಲಿ ಅಂತ ಸುಮ್ಮನಾದೆ.

ನೀವು ಸಿಟ್ಟಾದ್ರ ಆಗಲಿ. ಆದ್ರ ಹಳೇ ಲೆಕ್ಕ ಹೊರಗ ತೆಗಿಯೋ ದಾರಿ ಇದ್ರ ಅಷ್ಟು ಹೇಳಿಬಿಡ್ರಿ. ಮೇಲಿನವರಿಗೆ ಫೋನ್ ಮಾಡಿದ್ರ ಒಂದು ವರ್ಷದ್ದು ಪೂರ್ತಿ ಕಟ್ಟಿರಿ, ಆಮ್ಯಾಲೆ ತಕ್ಕೊಳ್ರಿ ಅಂತಾರ.

ಜರೀನಾ


ಕೊಟ್ಟೂರು
೨೦ ಏಪ್ರಿಲ್ ೨೦೨೪

ಜರೀನಾ,

ಉತ್ತರ ತಡವಾಯಿತು. ಊರಲ್ಲಿರಲಿಲ್ಲ.

ಬರುವ ೨೮ನೇ ತಾರೀಖು ಭಾನುವಾರ ಮುಂಜಾನೆಯಿಂದ ಸಂಜೆಯವರೆಗೆ ನಿಮ್ಮ ಹಳೆಯ ತಂತ್ರಾಂಶ ತೆರೆದಿರುತ್ತದೆ. ಡೀಲರನ ಕಡೆಯಿಂದ ತೆರೆಯುವ ಒಂದು ದಾರಿ ಇದೆ, ಅದನ್ನು ನಾನು ಇಲ್ಲಿಂದ ಮಾಡುತ್ತೇನೆ. ಪಾಸ್‌ವರ್ಡನ್ನು ಪ್ರತ್ಯೇಕ ಚೀಟಿಯಲ್ಲಿ ಬರೆದಿದ್ದೇನೆ. ಮೊದಲು ಬೆಳೆಗಾರರ ಹೆಸರುಗಳನ್ನು ತೆಗೆ, ಆಮೇಲೆ ತೂಕ, ಕೊನೆಗೆ ಪಾವತಿ. ಈ ಕ್ರಮ ತಪ್ಪಿಸಿದರೆ ಹೊಸದರಲ್ಲಿ ಯಾರ ತೂಕ ಯಾರ ಹೆಸರಿಗೋ ಹೋಗಿ ಕೂರುತ್ತದೆ.

ಪರವಾನಗಿ ಶುಲ್ಕ ಇಲ್ಲವೆಂದ ಮಾತ್ರಕ್ಕೆ ಅದು ಬಿಟ್ಟಿಯಾಗಿ ನಡೆಯುತ್ತದೆ ಎಂದು ತಿಳಿಯಬೇಡ. ನನ್ನಂಥ ಡೀಲರನಿಗೆ ಕೊಡುತ್ತಿದ್ದ ಹಣದಲ್ಲಿ ಕೆಟ್ಟಾಗ ಓಡಿ ಬರುವ ಒಬ್ಬ ಮನುಷ್ಯನ ಖರ್ಚೂ ಇತ್ತು. ಇನ್ನು ಆ ಮನುಷ್ಯ ನೀನೇ. ದಿನಾ ಸಂಜೆ ಲೆಕ್ಕದ ನಕಲು ತೆಗೆದು ಬೇರೆ ಕಡೆ ಇಡು. ಒಂದು ದಿನವೂ ಬಿಡಬೇಡ.

ತೆರೆದುಕೊಟ್ಟವರು ಯಾರೆಂದು ಯಾರಿಗೂ ಹೇಳಕೂಡದು.

ಗುರುಸಂಗಪ್ಪ


ಹೂವಿನಹಡಗಲಿ
೬ ಮೇ ೨೦೨೪

ಸರ್ ಅವರಿಗೆ ಸಲಾಂ.

ಎಲ್ಲಾ ಬಂತು ಸರ್, ಎರಡು ಸೀಜನ್ನಿನ ಹೂವೂ ಬಂತು! ಅವತ್ತು ಅಬ್ಬಾ ಬಾಗಿಲದಾಗ ಕುಂತು ಯಾರನ್ನೂ ಒಳಗ ಬಿಡಲಿಲ್ಲ. ನೀವು ಹೇಳಿದ ಕ್ರಮದಾಗ ತೆಗೆದೆ. ಹೊಸದರಾಗ ಹಾಕಿ ಹಂಪಕ್ಕನ ಹೆಸರು ಒತ್ತಿದ್ರ ಆಕಿ ತಂದ ಮೊದಲನೇ ಬುಟ್ಟಿಯಿಂದ ಹಿಡಿದು ಎಲ್ಲಾ ಕಾಣಸ್ತು. ಬೋನಸ್ಸೂ ಹಂಚಿದ್ವಿ.

ಸುದ್ದಿ ಹೆಂಗ ಹಬ್ಬಿತೋ, ಹರಪನಹಳ್ಳಿಯ ಮೆಕ್ಕೆಜೋಳದ ಸಂಘದವರು ಕರೆಸಿದ್ರು. ಹಗರಿಬೊಮ್ಮನಹಳ್ಳಿಯ ಶೇಂಗಾ ಎಣ್ಣಿ ಮಿಲ್ಲಿನವರೂ ಕೇಳ್ಯಾರ. ಕೂಡ್ಲಿಗಿಯಾಗ ಹುಣಸಿಹಣ್ಣಿನ ಹೆಣ್ಮಕ್ಕಳ ಗುಂಪು ಐತಲ್ಲ, ಅಲ್ಲಿಗೂ ಹೋಗಿ ಬಂದೆ. ಎಲ್ಲಾ ಕಡೆ ಒಂದ ಪ್ರಶ್ನಿ ಕೇಳ್ತಾರ, ಬಿಟ್ಟಿ ಅಂದ್ರ ಏನೋ ಮೋಸ ಇರಬೇಕಲ್ಲ ಅಂತ. ನೀವು ಬರೆದಿದ್ದನ್ನ ಹೇಳ್ತೀನಿ, ನಿಮ್ಮ ಹೆಸರು ಮಾತ್ರ ಎತ್ತಂಗಿಲ್ಲ.

ಈ ಪತ್ರದ ಜೊತಿ ಕೊಟ್ಟೂರು ಬಸ್ಸಿನ ಕಂಡಕ್ಟರ್ ಕೈಯಾಗ ಮಲ್ಲಿಗಿ ಕಳಸೀನಿ. ಹಂಪಕ್ಕ ತಾನ ಆರಿಸಿ ಕೊಟ್ಟಾಳ. ಬಾಳಿ ಎಲಿ ಬಿಚ್ಚಿದ ಕೂಡಲೇ ಒಂದು ಸಲ ಮೂಗಿನ ಹತ್ರ ಹಿಡಿದು ನೋಡ್ರಿ ಸರ್. ನಮ್ಮ ಹಡಗಲಿ ನಿಮ್ಮ ಮನಿಗೆ ಬಂದಂಗ ಆಗತೈತಿ.

ಜರೀನಾ


ಕೊಟ್ಟೂರು
೧೫ ಮೇ ೨೦೨೪

ಜರೀನಾ,

ಲೆಕ್ಕ ಸರಿಯಾಗಿ ಬಂದದ್ದು ಒಳ್ಳೆಯದಾಯಿತು.

ಹೂವು ಮುಟ್ಟಿತು. ಮನೆಯಾಕೆ ಗೀತಮ್ಮ ಮುಡಿದುಕೊಂಡಳು. ಘಮ ಚೆನ್ನಾಗಿತ್ತಂತೆ. ಇನ್ನು ಮೇಲೆ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ.

ಗುರುಸಂಗಪ್ಪ


ಹೂವಿನಹಡಗಲಿ
೯ ಆಗಸ್ಟ್ ೨೦೨೪

ಸರ್ ಅವರಿಗೆ,

ಭಾಳ ದಿನ ಬರೀಲಿಲ್ಲ. ಬರಿಯಾಕ ಮನಸ್ಸು ಬರಲಿಲ್ಲ. ತೂಕದ ಚೀಟಿ ಪೇಪರ್ ತಂದುಕೊಡೋ ಕನಕರಾಜ ಮೊನ್ನೆ ಕೊಟ್ಟೂರಿಂದ ಬಂದಿದ್ದ. ನಿಮ್ಮ ಸೆಂಟರಿನ ಬೋರ್ಡ್ ಇಳಿಸ್ಯಾರ, ಅಲ್ಲಿ ಮೊಬೈಲ್ ಅಂಗಡಿ ಆಗೇತಿ ಅಂದ. ಸರ್ ಎಲ್ಲಿ ಹೋದ್ರು ಅಂದ್ರ, ದಾವಣಗೆರಿಗೆ ಹೋಗಿ ದೊಡ್ಡದು ತಗದಾರಂತ ಮಂದಿ ಅಂತಾರ ಅಂದ. ಆಗಿದ್ರ ಸಂತೋಷ. ಆದ್ರ ನನಗ ಒಂದು ಮಾತು ಹೇಳಬಹುದಿತ್ತು. ಈ ಪತ್ರ ಕೊಟ್ಟೂರಿನ ಮನಿ ವಿಳಾಸಕ್ಕ ಹಾಕೀನಿ, ಮುಟ್ಟಿದ್ರ ಮುಟ್ಟಲಿ.

ನಿನ್ನೆ ತಡಿಯಲಾರದ ಫೋನ್ ಹಚ್ಚಿದೆ. ಈ ಸಲ ಎತ್ತಿದ್ರಿ. "ಸರ್, ನಾನು ಜರೀನಾ" ಅಂದೆ. ನೀವು ಉಸಿರಾಡೋದು ಕೇಳಸ್ತಿತ್ತು. ನಾನು ಹುಚ್ಚಿ ಹಂಗ ಮಾತಾಡೇ ಮಾತಾಡಿದೆ. ಕೂಡ್ಲಿಗಿ ಸುದ್ದಿ ಹೇಳಿದೆ, ಅಬ್ಬಾನ ಮೊಣಕಾಲು ನೋವು ಹೇಳಿದೆ. ನೀವು ಹೂಂ ಅನಲಿಲ್ಲ, ಹಾಂ ಅನಲಿಲ್ಲ. ಕಡೀಕ ಇಟ್ಟುಬಿಟ್ರಿ.

ಒಂದು ಮಾತು ಬೈದಿದ್ರೂ ಸಾಕಿತ್ತು ಸರ್. ಕಳಿಸಿದ ಹೂವು ಸುದ್ದಾ ಮೂಸಿ ನೋಡಲಿಲ್ಲ ನೀವು, ಚೆನ್ನಾಗಿತ್ತಂತೆ ಅಂತ ಬರದ್ರಿ. ನಿಮ್ಮ ಕಂಪನಿ ಬಿಟ್ಟೆ ಅಂತ ಇಷ್ಟು ದ್ವೇಷ ಬರತೈತೇನು? ಹಂಗಿದ್ರ ಬಾಗಿಲು ತೆರೆದು ಲೆಕ್ಕ ಯಾಕ ಕೊಟ್ರಿ?

ಇನ್ನ ನಾನು ತ್ರಾಸು ಕೊಡಂಗಿಲ್ಲ.

ಜರೀನಾ


ಕೊಟ್ಟೂರು
೧೭ ಆಗಸ್ಟ್ ೨೦೨೪

ಮಗಳೇ,

ಈ ಪತ್ರವನ್ನು ಮೂರ್ನಾಲ್ಕು ಸಲ ಬರೆದು ಹರಿದೆ. ಇದು ಹೇಗಿದ್ದರೂ ಕಳಿಸುತ್ತೇನೆ.

ನನಗೆ ಮಾತು ಇಲ್ಲ. ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಗಂಟಲಲ್ಲಿ ಹುಣ್ಣು ಎಂದು ಹೋಗಿದ್ದೆ, ಅದು ಬರೀ ಹುಣ್ಣಾಗಿರಲಿಲ್ಲ. ಈಗ ಕತ್ತಿನಲ್ಲಿ ಮಾಡಿರುವ ತೂತಿನಿಂದ ಉಸಿರಾಡುತ್ತೇನೆ. ಮೂಗಿಗೆ ಗಾಳಿ ಹೋಗುವುದಿಲ್ಲವಾದ್ದರಿಂದ ವಾಸನೆಯೂ ಗೊತ್ತಾಗುವುದಿಲ್ಲ. ನಿನ್ನ ಹೂವನ್ನು ನಾನು ಮೂಗಿಗೆ ಹಿಡಿದೆ, ಜರೀನಾ. ಬಹಳ ಹೊತ್ತು ಹಿಡಿದಿದ್ದೆ. ಕೊನೆಗೆ ಗೀತಮ್ಮನ ಕೈಗೆ ಕೊಟ್ಟು ಹೇಗಿದೆ ಎಂದು ಸನ್ನೆಯಲ್ಲಿ ಕೇಳಿದೆ. ಅವಳು ಹೇಳಿದ್ದನ್ನೇ ನಿನಗೆ ಬರೆದೆ.

ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದಾರೆ. ಅದು ಮಾತಾಡುತ್ತದೆ, ನಾನಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಮೊಬೈಲಿನಲ್ಲಿ ಬರೆದು ಕಳಿಸಬಹುದಿತ್ತು. ಆದರೆ ಅಲ್ಲಿ ನೀನು ತಕ್ಷಣ, ಸರ್ ಒಂದು ನಿಮಿಷ ಫೋನ್ ಮಾಡಲಾ ಎಂದು ಕೇಳುತ್ತೀ. ಪತ್ರದಲ್ಲಿ ಆ ಹೆದರಿಕೆ ಇಲ್ಲ. ನನ್ನ ದನಿಯನ್ನು ನೀನು ಹೊಗಳಿ ಬರೆದಿದ್ದೆ. ಅದೇ ಹೋಗಿದೆ ಎಂದು ಹೇಗೆ ಬರೆಯಲಿ?

ಅವತ್ತು ಫೋನ್ ಎತ್ತಿದ್ದು ನಿನ್ನ ಮಾತು ಕೇಳಲಿಕ್ಕೆ. ಎಲ್ಲವೂ ಕೇಳಿಸಿತು. ಉಸ್ಮಾನ್ ಸಾಬರ ಮೊಣಕಾಲಿಗೆ ಎಳ್ಳೆಣ್ಣೆ ಕಾಯಿಸಿ ತಿಕ್ಕಲು ಹೇಳಬೇಕೆಂದು ಬಾಯಿ ತೆರೆದೆ, ಮರೆತು. ಆಗಲೇ ಫೋನ್ ಇಟ್ಟದ್ದು.

ದಾವಣಗೆರೆಯ ಮಾತು ಸುಳ್ಳು. ಮಾತಿಲ್ಲದವನು ಪಾಠ ಹೇಗೆ ಮಾಡಲಿ, ಗಿರಾಕಿಗೆ ಏನು ಹೇಳಲಿ? ಸೆಂಟರನ್ನು ನಾನೇ ಮುಚ್ಚಿದೆ. ಹರಪನಹಳ್ಳಿಯವರು, ಹಗರಿಬೊಮ್ಮನಹಳ್ಳಿಯವರು, ಕೂಡ್ಲಿಗಿಯವರು ನನ್ನ ಗಿರಾಕಿಗಳೆಂದು ನಿನಗೂ ಗೊತ್ತಿತ್ತು. ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ. ಅದರಲ್ಲಿ ನಿನ್ನ ತಪ್ಪಿಲ್ಲ. ನಿನ್ನ ಮೇಲೆ ಸಿಟ್ಟು ಎಂದೂ ಇರಲಿಲ್ಲ.

ಈಗ ಬಂದು ಹೋಗಬಹುದು. ಮನೆಗೆ ಬಾ.

ಗುರುಸಂಗಪ್ಪ


ಹೂವಿನಹಡಗಲಿ
೨ ಸೆಪ್ಟೆಂಬರ್ ೨೦೨೪

ಸರ್ ಅವರಿಗೆ ಸಲಾಂ.

ನಿಮ್ಮ ಮನಿಯಾಗ ಕುಂತಾಗ ಒಂದು ಮಾತೂ ಆಡಲಿಲ್ಲ ನಾನು. ಬಸ್ಸಿನಾಗ ಏನೇನು ಹೇಳಬೇಕು ಅಂತ ಜೋಡಿಸಿಕೊಂಡು ಬಂದಿದ್ದೆ. ಕೊರಳಿಗೆ ಬಿಳಿ ಬಟ್ಟಿ ಕಟಗೊಂಡು ಬಾಗಿಲಿಗೆ ಬಂದು ನಕ್ಕಿದ್ರಲ್ಲ, ಅದನ್ನ ನೋಡಿ ಎಲ್ಲಾ ಮರತೆ. ನೀವು ಪಾಟಿ ಮ್ಯಾಲೆ ಬರೆಯೋದು, ನಾನು ತಲಿ ಆಡಿಸೋದು. ಇಬ್ಬರೂ ಮೂಕರಾದ್ವಿ. ಅಬ್ಬಾ ಒಬ್ಬರ ಎಲ್ಲರ ಪಾಲಿಂದೂ ಮಾತಾಡಿದ್ರು.

ಅಡಗಿಮನಿಯಾಗ ಗೀತಮ್ಮ ಅಮ್ಮ ನನಗ ಒಂದು ವಿಷಯ ಹೇಳಿದ್ರು. ಅವರನ್ನ ಬೈಬ್ಯಾಡ್ರಿ. ಆ ಭಾನುವಾರ ನೀವು ನಮಗ ತೆರೆದುಕೊಟ್ಟಿದ್ದು ಮೇಲಿನವರಿಗೆ ಗೊತ್ತಾಗಿ ಡೀಲರ್‌ಶಿಪ್ ಕಿತ್ತುಕೊಂಡ್ರಂತ. ಅದಕ್ಕ ಸೆಂಟರ್ ಮುಚ್ಚೇತಿ. ನೀವು ನನಗ ಬರೆದಿದ್ದು ಬ್ಯಾರೆ. ನಾನು ಎಲ್ಲಾ ಬಂತು ಅಂತ ಕುಣಿದು ಪತ್ರ ಬರೀವಾಗ ನಿಮ್ಮ ಮನಿಗೆ ಆ ನೋಟಿಸ್ ಬಂದಿತ್ತು. ಇದನ್ನ ಹಂಪಕ್ಕನಿಗೆ ಹೇಳಿದೆ, ಮಾತು ಮೀರಿದೆ ಅಂತ ಸಿಟ್ಟಾಗಬ್ಯಾಡ್ರಿ. ಆಕಿ ಕೈಯಾಗಿನ ಬುಟ್ಟಿ ಕೆಳಗ ಇಟ್ಟಳು. ಆಮ್ಯಾಲೆ, "ಆ ಮಾಸ್ತರ್ ನಮ್ಮ ಸಲುವಾಗಿ ಅನ್ನ ಕಳಕೊಂಡ್ರ ನಾವು ಹೂವು ಹೆಂಗ ಮಾರೂಣ?" ಅಂದ್ಲು.

ಅದಕ್ಕ ಒಂದು ಕೆಲಸ ಕೇಳತೀನಿ. ದಾನ ಅಲ್ಲ, ಕೆಲಸ. ಈ ಮುಕ್ತ ತಂತ್ರಾಂಶದಾಗ ಕನ್ನಡ ಅರ್ಧಂಬರ್ಧ ಐತಿ, ಇರೋದೂ ಯಾರಿಗೂ ತಿಳಿಯಂಗಿಲ್ಲ. ಯಾರ ಬೇಕಾದ್ರೂ ಪದ ಹಾಕಬಹುದು, ಹಾಕಿದ್ರ ಇಡೀ ನಾಡಿನಾಗ ಎಲ್ಲರಿಗೂ ಸಿಗತಾವ. ನೀವು ಪದ ಕೊಡ್ರಿ, ನಾನು ಕುಂತು ತುಂಬತೀನಿ. ನಮ್ಮ ಕಂಪನಿ, ಹರಪನಹಳ್ಳಿ, ಕೂಡ್ಲಿಗಿ, ಎಣ್ಣಿ ಮಿಲ್ಲು, ಎಲ್ಲರೂ ಕೂಡಿ ನಿಮಗ ತಿಂಗಳ ಸಂಬಳ ಅಂತ ಮಾಡ್ಯಾರ. ಇಲ್ಲ ಅನ್ನಬ್ಯಾಡ್ರಿ.

ಜರೀನಾ


ಕೊಟ್ಟೂರು
೨೩ ಸೆಪ್ಟೆಂಬರ್ ೨೦೨೪

ಜರೀನಾ,

ಗೀತಮ್ಮನಿಗೆ ನನ್ನ ಪಾಲಿನ ಮಾತನ್ನೂ ಸೇರಿಸಿ ಆಡುವ ರೂಢಿಯಾಗಿದೆ. ಆದದ್ದು ಆಯಿತು. ಲೆಕ್ಕ ನಿಮ್ಮದಾಗಿತ್ತು, ನಿಮಗೆ ಕೊಟ್ಟೆ. ಇಷ್ಟು ವರ್ಷ ಅದೇ ತಂತ್ರಾಂಶ ಮಾರಿ ಮನೆ ನಡೆಸಿದವನು ನಾನು. ಆಗ ಯಾರೂ ನನಗೆ ಹಂಪಕ್ಕನ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಕೆಲಸ ಒಪ್ಪಿದ್ದೇನೆ. ಸೆಂಟರಿನ ಕಂಪ್ಯೂಟರುಗಳನ್ನೆಲ್ಲ ಮಾರಿದ್ದರಿಂದ ಹಾಳೆಯಲ್ಲೇ ಬರೆದು ಕಳಿಸುತ್ತೇನೆ. ನೀನು ಕಳಿಸಿದ ಪದಗಳನ್ನು ನೋಡಿದೆ. "ದಾಸ್ತಾನು ಸ್ವೀಕೃತಿ ನಮೂದು" ಅಂತೆ. ಇದನ್ನು ಓದಿ ಹೂವಿನ ಬುಟ್ಟಿ ಇಳಿಸುವವರು ಯಾರು? "ಬಂದ ಮಾಲು" ಎಂದು ಹಾಕು. ಇನ್ನೊಂದು "ಹೋದ ಮಾಲು". ಕೊನೆಗೆ "ಉಳಿದ ಮಾಲು". "ರದ್ದುಗೊಳಿಸು" ಎಂದರೆ ನಿಮ್ಮ ಹೆಣ್ಣುಮಕ್ಕಳು ಏನೋ ಅಪರಾಧವಾಯಿತೆಂದು ಕೈ ಹಿಂದೆ ತೆಗೆಯುತ್ತಾರೆ. "ಬೇಡ" ಸಾಕು. "ಸಾಲದ ಮೇಲೆ ವಿಕ್ರಯ" ಎನ್ನುವುದಕ್ಕೆ ನಮ್ಮ ಸಂತೆಯಲ್ಲಿ ಒಂದೇ ಮಾತಿದೆ, "ಉದ್ರಿ".

ಬರೆಯುವಾಗ ಸೆಂಟರಿನಲ್ಲಿ ನಿಂತು ಹೇಳಿಕೊಟ್ಟ ಹಾಗೆ ಆಗುತ್ತಿದೆ. ಒಂದೊಂದು ಪದವನ್ನೂ ಗೀತಮ್ಮನಿಂದ ಗಟ್ಟಿಯಾಗಿ ಓದಿಸಿ ಕೇಳುತ್ತೇನೆ. ನನ್ನ ಕಿವಿಗೆ ಒಪ್ಪಿದರೆ ಇಡುತ್ತೇನೆ. ಅವಳು ನಡುನಡುವೆ ನಗುತ್ತಾಳೆ. ಈ ವರ್ಷ ಮನೆಯಲ್ಲಿ ನಗು ಕೇಳಿದ್ದು ಇದೇ ಮೊದಲು.

ಗುರುಸಂಗಪ್ಪ


ಕೊಟ್ಟೂರು
೬ ನವೆಂಬರ್ ೨೦೨೪

ಜರೀನಾ,

ಖರೀದಿ, ಮಾರಾಟ ಎರಡೂ ವಿಭಾಗಗಳ ಪದಗಳನ್ನು ಕಳಿಸಿ ಬಹಳ ದಿನವಾಯಿತು. ತುಂಬಿದೆಯೋ ಇಲ್ಲವೋ ತಿಳಿಯಲಿಲ್ಲ. ಸಂಬಳದ ವಿಭಾಗ ಇದರ ಜೊತೆಗಿದೆ. ಉಳಿದದ್ದನ್ನೂ ಬೇಗ ಮುಗಿಸಿಬಿಡೋಣ. ಪೂರ್ತಿ ಆಗುವವರೆಗೆ ಕಾಯುವುದು ಬೇಡ. ಆದಷ್ಟನ್ನು ತೆರೆಯ ಮೇಲೆ ಹಾಕಿ ಒಂದು ಸಲ ನನಗೆ ತೋರಿಸು.

ಗುರುಸಂಗಪ್ಪ


ಹೂವಿನಹಡಗಲಿ
೨೫ ನವೆಂಬರ್ ೨೦೨೪

ಸರ್ ಅವರಿಗೆ ಸಲಾಂ.

ನಿಮ್ಮ ಹುರುಪು ನೋಡಿ ನಮಗ ನಾಚಿಕಿ ಬರತೈತಿ ಸರ್. ಹಳೇ ಗುರುಸಂಗಪ್ಪ ಸರ್ ತಿರುಗಿ ಬಂದ್ರು ಅಂತ ಅಬ್ಬಾಗ ಹೇಳಿದೆ. ಪದಗಳನ್ನ ತುಂಬಾಕತ್ತೀನಿ. ನಡುವ ಕೂಡ್ಲಿಗಿಯವರ ಕಂಪ್ಯೂಟರ್ ಕೆಟ್ಟು, ನಕಲು ಇಟ್ಟಿದ್ದಕ್ಕ ಬಚಾವಾದ್ರು. ಹರಪನಹಳ್ಳಿಯಾಗ ಮೆಕ್ಕೆಜೋಳದ ಖರೀದಿ ಜೋರೈತಿ, ವಾರದಾಗ ಎರಡು ಸಲ ಅಲ್ಲಿಗೆ ಹೋಗಬೇಕಾಗತೈತಿ.

ಆತುರ ಏನೈತಿ ಸರ್? ಅರ್ಧ ಆಗಿದ್ದನ್ನ ನಿಮಗ ತೋರಸಾಕ ನನಗ ಮನಸ್ಸಿಲ್ಲ. ಪೂರಾ ಮಾಡಿ, ಎಲ್ಲಾ ಕಡೆ ಒಂದ ದಿನ ಚಾಲೂ ಮಾಡಿ, ನಿಮ್ಮನ್ನ ಹಡಗಲಿಗೆ ಕರಕೊಂಡು ಬಂದು ಮುಂದ ಕುಂದರಿಸಿ ತೋರಸ್ತೀನಿ. ಹೊಸ ಹೂವು ಬರೋ ಹೊತ್ತಿಗೆ ಮುಗಿಸೋಣ.

ನಿಮ್ಮ ಆರೋಗ್ಯದ ಬಗ್ಗೆ ಒಂದು ಸಾಲೂ ಬರೀಲಿಲ್ಲ. ಚಲೋ ಅದೀರಿ ಅಂತ ತಿಳಕೊಂಡೀನಿ.

ಜರೀನಾ


ಕೊಟ್ಟೂರು
೧೪ ಡಿಸೆಂಬರ್ ೨೦೨೪

ಜರೀನಾ,

ಉಳಿದ ಪದಗಳೆಲ್ಲ ಇದರ ಜೊತೆಗಿವೆ. ಇಲ್ಲಿಗೆ ನನ್ನ ಕಡೆಯ ಕೆಲಸ ಮುಗಿಯಿತು. ಅಕ್ಷರ ಸೊಟ್ಟಗಿವೆ, ಪೆನ್ನು ಸರಿಯಿಲ್ಲ. ಎಲ್ಲಾದರೂ ಸಂಶಯ ಬಂದರೆ ಗೀತಮ್ಮನನ್ನು ಕೇಳು, ಅವಳಿಗೆ ಎಲ್ಲ ಬಾಯಿಪಾಠವಾಗಿದೆ.

ನಿನ್ನ ಅನುಕೂಲದಂತೆ ಮಾಡು. ಓಡಾಡುವಾಗ ಹೊತ್ತಿಗೆ ಸರಿಯಾಗಿ ಉಣ್ಣು.

ಗುರುಸಂಗಪ್ಪ


ಹೂವಿನಹಡಗಲಿ
೧೮ ಜನವರಿ ೨೦೨೫

ಸರ್ ಅವರಿಗೆ ಸಲಾಂ, ಅಮ್ಮಗೂ ಸಲಾಂ.

ಇವತ್ತು ಮುಂಜಾನೆ ಎಲ್ಲಾ ಕಡೆ ಚಾಲೂ ಆತು ಸರ್. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ನಮ್ಮ ಹಡಗಲಿ. ಹೊಸ ಹೂವು ಬರೋತನ ಕಾಯೋದು ಬ್ಯಾಡ ಅಂತ ಎರಡು ರಾತ್ರಿ ಕುಂತು ಮುಗಿಸಿದೆ. ಈಗ ಚಳಿಗೆ ಹೂವು ಕಡಿಮಿ, ನಾಲ್ಕಾರು ಬುಟ್ಟಿ ಅಷ್ಟ ಬಂದಿದ್ವು. ಹಂಪಕ್ಕ ತೂಕದ ಕಟ್ಟಿ ಬಿಟ್ಟು ಪರದೆ ಹತ್ರ ಬಂದು ತಾನ ಒಂದೊಂದ ಅಕ್ಷರ ಕೂಡಿಸಿ ಓದಿದ್ಲು. ತನ್ನ ಹೆಸರಿನ ಮುಂದ ತೂಕ ನೋಡಿ, ನಿಮ್ಮ ಸರ್ ಹಡಗಲಿ ಮಂದಿ ಅಲ್ಲ, ಆದ್ರೂ ನಮ್ಮ ಮಾತು ಹೆಂಗ ಬರದಾರ ಅಂತ ಕೇಳಿದ್ಲು. ಕೂಡ್ಲಿಗಿಯ ಹೆಣ್ಮಕ್ಕಳು ಫೋನ್ ಮಾಡಿ, ಇನ್ನ ಮ್ಯಾಲೆ ಲೆಕ್ಕಕ್ಕ ನೀನು ಬರೋದು ಬ್ಯಾಡ, ನಾವ ಓದ್ತೀವಿ ಅಂದ್ರು.

ಪರದೆಯ ಫೋಟೋ ತಗದು ಮುಂಜಾನೆನ ಅಮ್ಮನ ಮೊಬೈಲಿಗೆ ಕಳಿಸೀನಿ. ನೋಡ್ಯಾರ ಅಂತ ಎರಡು ನೀಲಿ ಗೆರಿ ಬಂದ್ವು. ಅಂದಮ್ಯಾಲೆ ನೀವೂ ನೋಡಿರ್ತೀರಿ. ನೀವು ಅದನ್ನ ನೋಡಾಕತ್ತಿದ್ದು ನನ್ನ ಕಣ್ಣಿಗೆ ಕಟ್ಟಿದಂಗೈತಿ. ಎಲ್ಲೆರ ತಪ್ಪಿದ್ರ ಹೇಳ್ರಿ, ಈ ತಂತ್ರಾಂಶದಾಗ ಯಾವಾಗ ಬೇಕಾದ್ರೂ ತಿದ್ದಬಹುದು.

ಬರೋ ವಾರ ಅಬ್ಬಾನ ದೋಸ್ತಿನ ಕಾರು ತಗೊಂಡು ಬರತೀನಿ. ನಿಮ್ಮನ್ನ ಕರಕೊಂಡು ಹೋಗಾಕ.

ಜರೀನಾ


ಕೊಟ್ಟೂರು
೨೮ ಜನವರಿ ೨೦೨೫

ಜರೀನಾಗ ಗೀತಮ್ಮ ಮಾಡುವ ಆಶೀರ್ವಾದ.

ನಾನು ಪತ್ರ ಬರೆದಾಕಿ ಅಲ್ಲ. ತಪ್ಪಿದ್ರ ನೀನ ತಿದ್ದಿ ಓದ್ಕೋ.

ನೀ ಕಾರು ತಗೊಂಡು ಬಂದಾಗ ಮನಿ ಬಾಗಿಲ ಮುಂದ ಮಂದಿ ನೋಡಿ ಅಲ್ಲೇ ಕುಸದು ಕುಂತಿ. ನಿಮ್ಮ ಅಪ್ಪ ನಿನ್ನ ಎಬ್ಬಿಸಿಕೊಂಡು ಹೋದ. ಅವತ್ತು ನಮ್ಮಿಬ್ಬರಿಗೂ ಮಾತಾಡಾಕ ಆಗಲಿಲ್ಲ. ಒಂದು ಮಾತು ಮೊದಲ ಹೇಳಲಿಲ್ಲ ಅಂತ ನಿನ್ನ ಮನಸ್ಸಿನಾಗ ಇರಬೇಕು. ಅದಕ್ಕ ಬರದೀನಿ.

ಅವರಿಗೆ ಅದು ದೀಪಾವಳಿ ಮುಂದ ತಿರುಗಿ ಬಂದಿತ್ತು. ಈ ಸಲ ಎದಿಗೆ ಇಳದಿತ್ತು. ಹುಬ್ಬಳ್ಳಿಯಾಗ ಇನ್ನ ಮನಿಗೆ ಕರಕೊಂಡು ಹೋಗ್ರಿ ಅಂದ್ರು. ನಾನು ಜರೀನಾಗ ಹೇಳತೀನಿ ಅಂದೆ. ಅವರು ಪಾಟಿ ಮ್ಯಾಲೆ ಬರದ್ರು: ಹೇಳಿದರೆ ಅವಳು ಕೆಲಸ ಬಿಟ್ಟು ಇಲ್ಲಿ ಬಂದು ಅಳುತ್ತಾ ಕೂರುತ್ತಾಳೆ, ಕೆಲಸ ನಿಲ್ಲುತ್ತದೆ. ನಾನು ಬಾಯಿ ಮುಚ್ಚಿದೆ. ಪೆನ್ನು ಸರಿ ಇತ್ತವ್ವ, ಅವರ ಕೈಯಾಗ ಕಸುವು ಇರಲಿಲ್ಲ. ಕಡೀ ಹಾಳಿ ಬರಿಯಾಕ ಅವರಿಗೆ ಒಂದು ವಾರ ಹಿಡೀತು.

ಹದಿನೇಳನೇ ತಾರೀಖು ಸಂಜಿಮುಂದ ಹೋದ್ರು. ಮರುದಿನ ಮುಂಜಾನೆ ಅವರನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿದ್ವಿ, ಹಣೀಗೆ ಇಬತ್ತಿ ಹಚ್ಚಿ. ಭಜನಿಯವರು ಇನ್ನ ಬಂದಿರಲಿಲ್ಲ. ನಿನಗ ಫೋನ್ ಮಾಡೋಣಂತ ಮೊಬೈಲ್ ತಗದೆ, ಆಗ ನಿನ್ನ ಫೋಟೋ ಬಂದು ಬಿದ್ವು. ಕೆಳಗ ನೀನು, ಸರ್‌ಗೆ ತೋರಸ್ರಿ ಅಮ್ಮ ಅಂತ ಬರದಿದ್ದಿ. ಅಷ್ಟು ಖುಷಿಲೆ ಬರದಾಕಿಗೆ ಏನಂತ ಹೇಳಲಿ? ನನಗ ಬಾಯಿ ಬರಲಿಲ್ಲ. ಮಣ್ಣು ಆದ ಮ್ಯಾಲೂ ಬರಲಿಲ್ಲ. ನೀ ಬಂದು ಬಾಗಿಲದಾಗ ನಿಲ್ಲೋತನ ನನಗ ಧೈರ್ಯ ಆಗಲಿಲ್ಲ.

ಆದ್ರ ನೀ ಹೇಳಿದ್ದು ಮಾಡೀನಿ. ಅವರ ಮಗ್ಗಲ ಹೋಗಿ ಕುಂತೆ. ಮನಿಯಾಗ ಮಂದಿ ಇದ್ರು, ಗೀತಮ್ಮಗ ತಲಿ ಕೆಟ್ಟೈತಿ ಅಂತ ಅಂದ್ಕೊಂಡ್ರ ಅಂದ್ಕೊಳ್ಳಲಿ. ಮೊಬೈಲ್ ಕಣ್ಣ ಹತ್ರ ಹಿಡಕೊಂಡು ಅವರ ಕಿವಿಯಾಗ ಗಟ್ಟಿಯಾಗಿ ಓದಿದೆ, ದಿನಾ ಓದತಿದ್ನಲ್ಲ ಹಂಗ. ಒಂದೊಂದು ಪದ ಓದಿ ಸ್ವಲ್ಪ ನಿಲ್ಲತಿದ್ದೆ. ಮೊದಲು ಅವರಿಗೆ ಒಪ್ಪಿತೋ ಇಲ್ಲೋ ಅಂತ ಮಾರಿ ನೋಡಿ ಮುಂದಿಂದು ಓದೋದು ರೂಢಿ. ಅವತ್ತೂ ನೋಡಿದೆ.

ಎಲ್ಲಾ ಸರಿ ಇತ್ತವ್ವ. ಅವರು ಬರದಂಗ ಹಾಕಿದ್ದಿ. ಕಡೀ ಫೋಟೋದಾಗ ಒಂದು ಸಣ್ಣ ಪೆಟ್ಟಿಗಿ ಇತ್ತು. ಏನಾರ ಒಂದನ್ನ ಪೂರಾ ಅಳಿಸಿ ಹಾಕೋ ಮುಂದ ಮಿಷನ್ನು ಒಂದು ಸಲ ಕೇಳತೈತಂತಲ್ಲ, ಅದು. ಅದಕ್ಕ ಅವರು ದೊಡ್ಡ ದೊಡ್ಡ ಪದ ಬರದು ಹೊಡದು ಹಾಕಿ, ಕಡೀಗೆ ನಾನು ಮನಿಯಾಗ ಅನ್ನೋ ಮಾತನ್ನ ಇಟ್ಟಿದ್ರು. ಅದನ್ನೂ ಅವರ ಕಿವಿಯಾಗ ಓದಿದೆ.

"ಖರೇನಾ?"

ಅಂತ ಕೇಳಿದೆ. ಅದರ ಕೆಳಗ, ಹೌದು ಅಂತ ಒತ್ತಿದ್ರ ಏನು, ಬೇಡ ಅಂತ ಒತ್ತಿದ್ರ ಏನು ಅಂತ ಇನ್ನೂ ಎರಡು ಸಾಲು ಇದ್ವು. ಅವನ್ನ ಓದಾಕ ನನಗ ಆಗಲಿಲ್ಲ. ಒಂದಿನ ಬಂದು ಓದಿ ಹೇಳು.

ಗೀತಮ್ಮ